ಆದಿವಾಲದ ನೂಲು, ಪರದೇಶದ ಸೂಜಿ

ಅನುಮಾನ ನನ್ನ ಹುಟ್ಟುಗುಣ. ಹೋಟೆಲಿನಲ್ಲಿ ನೀರು ಕುಡಿಯುವ ಮೊದಲು ಲೋಟ ಮೂಸಿ ನೋಡುವವನು ನಾನು. ಹಿರಿಯೂರು ಪೇಟೆಯಲ್ಲಿ ನಮ್ಮದು ಕಂಬಳಿ ಅಂಗಡಿ. ಗಿರಣಿಯ ರಗ್ಗುಗಳು ಬಂದ ಮೇಲೆ ಕಂಬಳಿ ಕೇಳುವವರು ಕಡಿಮೆಯಾದರು. ಹತ್ತಿರದ ಆದಿವಾಲ ಹಳ್ಳಿಯಲ್ಲಿ ನಮಗಾಗಿ ಉಣ್ಣೆ ನೂಲುತ್ತಿದ್ದ ನನ್ನ ಸೋದರತ್ತೆಗೆ ಕೆಲಸವೇ ಇಲ್ಲದಂತಾಯಿತು. ಗಂಡ ತೀರಿಕೊಂಡ ಮೇಲೆ ಆಕೆ ಯಾರ ಮುಂದೆಯೂ ಕೈಚಾಚದೆ ಬದುಕಿದ್ದು ಆ ರಾಟೆಯಿಂದ. ಅದು ನಿಲ್ಲಬಾರದು ಎಂದೇ ನನಗೆ ಪರದೇಶದ ಹುಚ್ಚು ಹಿಡಿದದ್ದು. ಕುರಿಮರಿಗಳ ಮೈಯಿಂದ ಮೊದಲ ಸಲ ಕತ್ತರಿಸಿದ ಕರಿ ಉಣ್ಣೆಯಿಂದ ಬೆಲೆಬಾಳುವ ಸ್ವೆಟರ್ ಮಾಡಿಸಬೇಕು, ನೂಲು ನಮ್ಮದು, ಹೆಣಿಗೆ ಪರದೇಶದವರದು.

ಒಂದು ಫ್ಯಾಕ್ಸ್ ಕಳಿಸಲು ಚಿತ್ರದುರ್ಗದ ಬಸ್ಸು ಹತ್ತಬೇಕಿದ್ದ ಕಾಲ ಅದು. ತಿಂಗಳುಗಟ್ಟಲೆ ಓಡಾಡಿ ಎರಡು ಕಾರ್ಖಾನೆಗಳನ್ನು ಹುಡುಕಿದೆ. ಒಂದು ಇಟಲಿಯದು, ಇನ್ನೊಂದು ಸ್ಕಾಟ್ಲೆಂಡಿನದು. ಅತ್ತೆ ನೂತ ನೂಲನ್ನು ಎರಡು ಪಾಲು ಮಾಡಿ ಇಬ್ಬರಿಗೂ ಕಳಿಸಿದೆ. ಚೆನ್ನಾಗಿ ಹೆಣೆದವರಿಗೆ ಕೆಲಸ. ಇಬ್ಬರೂ ಕಳ್ಳರೇ ಇರಬಹುದು ಎಂದು ಪಾರ್ಸೆಲ್ ಕಟ್ಟುವಾಗಲೇ ಅಂದುಕೊಂಡಿದ್ದೆ.

ಮೊದಲು ಬಂದದ್ದು ಇಟಲಿಯ ಸ್ವೆಟರ್. ಕರ್ರಗೆ, ಬೆಣ್ಣೆಯಷ್ಟು ಮೆತ್ತಗೆ ಇತ್ತು. ನಾನು ಮರುಳಾಗಿಬಿಟ್ಟೆ. ಅತ್ತೆ ಮಾತ್ರ ಅದನ್ನು ಮೂಗಿಗೆ ಹಿಡಿದು, ಬೆರಳಲ್ಲಿ ಹೊಸೆದು, ಮಡಿಲಲ್ಲಿಟ್ಟುಕೊಂಡಳು.

"ಇದ್ರಾಗೆ ನಮ್ ಕುರಿ ಇಲ್ಲ ಕಣಪ್ಪ."

"ಮಿಷಿನ್ನಾಗೆ ಹಂಗ್ ಮೆತ್ತಗ್ ಮಾಡ್ತಾರೆ ಸುಮ್ಕಿರತ್ತೆ," ಎಂದೆ. ಲೋಕವನ್ನೆಲ್ಲ ಅನುಮಾನಿಸುವ ನಾನು ಆ ದಿನ ಅನುಮಾನಿಸಿದ್ದು ಅವಳ ಕೈಯನ್ನು.

ವಾರದ ನಂತರ ಸ್ಕಾಟ್ಲೆಂಡಿನಿಂದ ಬರೀ ಒಂದು ಕಾಗದ ಬಂತು. ನೂಲು ಸೂಜಿಗೆ ಅಂಟುತ್ತಿದೆ, ಹೆಣೆಯಲು ಆಗುತ್ತಿಲ್ಲ, ಇದಕ್ಕೆ ಏನು ಹಚ್ಚಿದ್ದೀರಿ, ತಿಳಿಸಿದರೆ ಅದರಂತೆ ತೊಳೆದು ಹೆಣೆಯುತ್ತೇವೆ ಎಂದು ಬರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಇಟಲಿಯವರಿಗೆ ಅಂಟದ ನೂಲು ಇವರಿಗೇಕೆ ಅಂಟುತ್ತದೆ? ಅಂದೇ ಉತ್ತರ ಬರೆದೆ. ನಾವು ಏನೂ ಹಚ್ಚಿಲ್ಲ, ಕೆಲಸ ಬಾರದಿದ್ದರೆ ಒಪ್ಪಿಕೊಳ್ಳಿ, ಸುಳ್ಳು ಹೇಳಬೇಡಿ.

ಉತ್ತರ ಕಳಿಸಿ ಆದಿವಾಲಕ್ಕೆ ಹೋದಾಗ ಅತ್ತೆಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ.

"ಹುಣಸೆಬೀಜದ ಗಂಜಿ ಹಚ್ಚಿದ್ನಲ್ಲಪ್ಪ. ಹಚ್ದೆ ಯಾರಾದ್ರೂ ನೂಲು ಹೊರಗ್ ಕಳಿಸ್ತಾರಾ?"

ಕಂಬಳಿಯ ನೂಲಿಗೆ ಗಂಜಿ ಹಚ್ಚಿ ಬಿಗಿ ಮಾಡದೆ ಮಗ್ಗಕ್ಕೆ ಏರಿಸುವುದಿಲ್ಲ. ಗಂಜಿ ಕಾಣದ ಹಸಿ ನೂಲು ಕೊಡುವುದು ನೂಲುವವಳಿಗೇ ಅವಮಾನ. ಅಂಗಡಿಯ ಗಾದಿಯ ಮೇಲೆ ಕುಳಿತು ಮಾರುವ ನಾನು ಅದನ್ನು ಕೇಳಿಯೇ ಇರಲಿಲ್ಲ.

"ಎರಡೂ ಪಾಲಿಗಾ?"

"ಎಲ್ಲಾದ್ಕೂ."

ಅಷ್ಟು ಗಂಜಿ ಕುಡಿದ ನೂಲನ್ನು ಮರುಮಾತಿಲ್ಲದೆ ಹೆಣೆದು ಕಳಿಸಿದ ಇಟಲಿಯವರು ನಮ್ಮ ನೂಲು ಮುಟ್ಟಿಯೇ ಇರಲಿಲ್ಲ. ನಿಜ ಹೇಳಿದವರನ್ನು ನಾನು ಸುಳ್ಳುಗಾರರು ಎಂದಿದ್ದೆ. ಮರುದಿನವೇ ತಪ್ಪಾಯಿತೆಂದು ಬರೆದೆ, ಗಂಜಿಯ ವಿಷಯವನ್ನೂ ತಿಳಿಸಿದೆ.

ಒಂದು ತಿಂಗಳಾದ ಮೇಲೆ ಸ್ಕಾಟ್ಲೆಂಡಿನ ಪಾರ್ಸೆಲ್ ಬಂತು. ನಮ್ಮ ನೂಲನ್ನು ತೊಳೆದು ಅಂಗೈಯಗಲದ ತುಂಡೊಂದನ್ನು ಹೆಣೆದಿದ್ದರು. ತುಸು ಒರಟು, ಆದರೆ ಬಲು ಚೆಂದ. ಜೊತೆಗೆ ಎರಡು ಸಾಲಿನ ಕಾಗದ. ಉಣ್ಣೆ ಬಹಳ ಒಳ್ಳೆಯದು, ಆದರೆ ನಮ್ಮ ಮಾತು ನಂಬದವರೊಡನೆ ಕೆಲಸ ಮಾಡಲಾರೆವು.

ತುಂಡನ್ನು ಅತ್ತೆಗೆ ಕೊಟ್ಟೆ. ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಕಾಗ್ದದಾಗೆ ಏನ್ ಬರ್ದವ್ರೆ?"

"ಉಣ್ಣೆ ಬಾಳ ಚೆನ್ನಾಗೈತಂತೆ."

ಅವಳು ಎದ್ದು ಒಳಗೆ ಹೋಗಿ ದೊಡ್ಡ ಗಂಟೊಂದನ್ನು ಎಳೆದು ತಂದಳು. ನಾನು ಹೇಳುವ ಮೊದಲೇ ಇಡೀ ಚೀಲದ ಉಣ್ಣೆ ನೂತು, ಗಂಜಿ ಹಚ್ಚದೆ ಇಟ್ಟಿದ್ದಳು.

"ಹಂಗಾದ್ರೆ ನಾಳಿಕೇ ಕಳಿಸಾಣ," ಎಂದಳು.