ಖರಾಬು ಜಾಗದ ಉಯ್ಯಾಲೆ

ನಮ್ಮೂರಿನ ಮಕ್ಕಳಿಗೆ ಆಟದ ಕೊರತೆಯಿದೆ ಎಂಬ ಸಂಗತಿ ನನಗೆ ತಿಳಿದದ್ದು ಸಮುದ್ರದಾಚೆಯಿಂದ ಆರು ಜನ ಬಂದು ಹೇಳಿದ ಮೇಲೆ. ಅಲ್ಲಿಯವರೆಗೆ ಮರಕೋತಿ ಆಡಿ, ಗೋಲಿ ಆಡಿ, ಕಾಲುವೆಗೆ ಬಿದ್ದು ಎದ್ದು, ಬೇರೆ ದಾರಿ ಕಾಣದೆ ಶಾಲೆಗೂ ಬರುತ್ತಿದ್ದ ಆ ಮಕ್ಕಳಿಗೆ ಆಟವೊಂದನ್ನು ಬಿಟ್ಟು ಇನ್ನೇನೂ ಬರುವುದಿಲ್ಲವೆಂದೇ ಅವರ ಹೆಡ್‌ಮಾಸ್ಟರಾಗಿ ನಾನು ನಂಬಿದ್ದೆ. ತಪಾಸಣೆಗೆ ಬಂದ ಸಾಹೇಬರಿಗೂ ವಿನಯದಿಂದ ಹಾಗೆಯೇ ತಿಳಿಸಿದ್ದೆ.

ಊರೆಂದರೆ ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಇಳಿದು ಮತ್ತೆ ಎರಡು ಮೈಲಿ ನಡೆಯಬೇಕಾದ ಊರು. ಸುತ್ತೂರಿಗೆ ಹೊರಟು ದಾರಿ ತಪ್ಪಿದವರನ್ನು ಬಿಟ್ಟರೆ ಹೊಸ ಮುಖಗಳು ಅಲ್ಲಿ ಅಪರೂಪ. ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ಬಂದ ಆರು ಜನರೂ ತಮ್ಮ ಖರ್ಚಿನಲ್ಲೇ ವಿಮಾನ ಹತ್ತಿ, ಇಪ್ಪತ್ತು ದಿನ ನಮ್ಮ ಬಿಸಿಲಿನಲ್ಲಿ ಗುದ್ದಲಿ ಹಿಡಿದು, ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ ಕಟ್ಟಿಕೊಟ್ಟು ಹೋಗಲು ಬಂದವರು. ಕೂಲಿಯಿಲ್ಲದೆ ಗುದ್ದಲಿ ಹಿಡಿಯುವವರನ್ನು ನಮ್ಮೂರು ನೋಡಿರಲಿಲ್ಲ. ಅವರ ಸರ್ಕಾರ ಯಾವುದೋ ತಪ್ಪಿಗೆ ಶಿಕ್ಷೆ ಕೊಟ್ಟು ಕಳಿಸಿರಬೇಕೆಂದು ಜನ ತೀರ್ಮಾನಿಸಿದರು. ಆದ್ದರಿಂದ ಅವರ ಬಗ್ಗೆ ಎಲ್ಲರಿಗೂ ಕರುಣೆ ಇತ್ತು.

ದುಭಾಷಿಯ ಪಟ್ಟ ನನಗೆ ಬಂತು. ಹದಿನೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೆನಾದರೂ ಆ ಭಾಷೆಯಲ್ಲಿ ಯಾರೂ ನನಗೆ ತಿರುಗಿ ಮಾತಾಡಿರಲಿಲ್ಲ. ಅವರ ಮುಖಂಡಳು ಬಿಸಿಲಿಗೆ ಮೂಗು ಕೆಂಪಾಗಿದ್ದ ಎತ್ತರದ ಹುಡುಗಿ, ಎಂಜಿನಿಯರಿಂಗ್ ಓದುತ್ತಿದ್ದವಳು. ಆಕೆಗೊಂದು ನಿಯಮವಿತ್ತು. ಊರಿನವರೆಲ್ಲ ಸೇರಿ ಒಪ್ಪಬೇಕು. ಮುಖ್ಯವಾಗಿ ಹೆಂಗಸರು ಬರಬೇಕು. ಹೆಂಗಸರಿಲ್ಲದ ಸಭೆಯ ಮಾತು ನಂಬಿ ಆಕೆ ಒಂದು ಗೂಟವನ್ನೂ ನೆಡುವವಳಲ್ಲ.

ಹೀಗಾಗಿ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಗಂಡಸರು ಒಂದು ತುದಿಗೆ, ಸೆರಗು ಬಾಯಿಗಿಟ್ಟ ಹೆಂಗಸರು ಇನ್ನೊಂದು ತುದಿಗೆ. ಆಕೆಯ ಕಣ್ಣು ಬಿದ್ದಿದ್ದು ಶಾಲೆಯ ಆಚೆ, ರಸ್ತೆ ದಾಟಿದರೆ ಸಿಗುವ ಪೊದೆ ಬೆಳೆದ ಜಾಗದ ಮೇಲೆ. ಪಹಣಿಯಲ್ಲಿ ಅದು ಖರಾಬು, ಎಂದರೆ ಬೆಳೆ ಬಾರದ, ಯಾರ ಹೆಸರಿಗೂ ಇಲ್ಲದ, ಸರ್ಕಾರವೂ ಮುಖ ತಿರುಗಿಸಿಕೊಂಡ ನೆಲ.

"ಅಲ್ಲಿ ಏನಾದರೂ ಇದೆಯೇ? ಆ ಜಾಗವನ್ನು ನೀವು ಯಾವುದಕ್ಕಾದರೂ ಬಳಸುತ್ತೀರಾ?" ಎಂದು ಆಕೆ ಕೇಳಿದಳು. ನಾನು ಕನ್ನಡಕ್ಕೆ ತಿರುಗಿಸಿದೆ.

ಗಂಡಸರಲ್ಲೊಬ್ಬ ಬೀಡಿ ಆರಿಸಿದ. ಆಮೇಲೆ ಊರಿನ ಯಜಮಾನ, "ಏನಿಲ್ಲ ಬುಡಿ ಸಾ. ಖಾಲಿ ಬಿದ್ದದೆ" ಎಂದ. "ಊಂ, ಖಾಲಿ ಅದೆ" ಎಂದು ಉಳಿದವರು ಒಬ್ಬೊಬ್ಬರಾಗಿ ಕೂಡಿಸಿದರು.

ಖಾಲಿ ಇದೆ ಎಂದು ನಾನು ಆಕೆಗೆ ಹೇಳಿದೆ. ಆ ಇಪ್ಪತ್ತು ದಿನದಲ್ಲಿ ವ್ಯಾಕರಣದೋಷವಿಲ್ಲದೆ ನಾನಾಡಿದ ಇಂಗ್ಲಿಷ್ ವಾಕ್ಯ ಅದೊಂದೇ. ಅದು ಸುಳ್ಳಾಗಿತ್ತು, ಮತ್ತು ಸುಳ್ಳೆಂದು ನನಗೆ ಗೊತ್ತಿತ್ತು.

ಆ ಊರಿನಲ್ಲಿ ಹಾಲುಗೂಸು ತೀರಿಕೊಂಡರೆ ಚಟ್ಟವಿಲ್ಲ, ತಮಟೆಯಿಲ್ಲ, ತಿಥಿಯಿಲ್ಲ. ಅಪ್ಪ ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಎತ್ತಿಕೊಂಡು ಹೋಗುತ್ತಾನೆ. ಜೊತೆಗೆ ಇಬ್ಬರು ಗಂಡಸರು, ಒಂದು ಗುದ್ದಲಿ. ಆ ಖರಾಬು ಜಾಗದಲ್ಲಿ ಮಣ್ಣು ಮಾಡಿ, ಮೇಲೆ ಮುಳ್ಳು ಎಳೆದು ಬರುತ್ತಾರೆ. ಕಲ್ಲು ನಿಲ್ಲಿಸುವುದಿಲ್ಲ. ಎಲ್ಲಿ ಮಾಡಿದೆವೆಂದು ಹೆತ್ತವಳಿಗೆ ಹೇಳುವುದೂ ಇಲ್ಲ. ಹೇಳಿದರೆ ಅವಳು ಹೋಗಿ ಅಲ್ಲೇ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬುದು ಹಿಂದಿನಿಂದ ಬಂದ ಲೆಕ್ಕ. ಗಂಡಸರೆಲ್ಲರೂ ಬಲ್ಲ, ಹೆಂಗಸರಲ್ಲೊಬ್ಬರೂ ಅರಿಯದ ಜಾಗ ಅದು. ಅಂಥದ್ದರ ಬಗ್ಗೆ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡು, ಅಲ್ಲಿ ಏನಿದೆ ಎಂದು ಕೇಳಿದರೆ ಯಾವ ಗಂಡಸು ತಾನೇ ಬಾಯಿ ಬಿಟ್ಟಾನು? ಹೆಂಗಸರಿಲ್ಲದಿದ್ದರೆ ಅವರು ನಿಜ ಹೇಳುತ್ತಿದ್ದರೋ ಏನೋ.

ನಾನು ಆ ಊರಿನಲ್ಲಿ ಹುಟ್ಟಿದವನಲ್ಲ. ಆದರೂ ಬಲ್ಲೆ. ತೊಂಬತ್ತರ ದಶಕದ ಮಧ್ಯದಲ್ಲಿ, ನಾನು ಆ ಶಾಲೆಗೆ ಬಂದ ಎರಡನೆಯ ಮಳೆಗಾಲ, ಪಕ್ಕದ ಮನೆಯವನ ಒಂಬತ್ತು ತಿಂಗಳ ಹೆಣ್ಣುಮಗು ಜ್ವರ ಬಂದು ನಂಜನಗೂಡಿನ ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲೇ ತೀರಿಕೊಂಡಿತು. ಸಂಜೆ ಸೋನೆ ಹಿಡಿದಿತ್ತು. ಅಪ್ಪನ ಎರಡು ಕೈಯಲ್ಲೂ ಮಗು, ಅವನ ಭಾವನ ಕೈಯಲ್ಲಿ ಗುದ್ದಲಿ. ಊರಿನಲ್ಲಿ ನೆಟ್ಟಗಿದ್ದ ಕೊಡೆ ನನ್ನದೊಂದೇ. ಕೊಡೆ ಹಿಡಿಯಲು ನಾನು ಹೋದೆ.

ಆ ಮಗುವಿನ ತಾಯಿಯೇ ಈ ಸಭೆಯ ಹೊತ್ತಿಗೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಭಾವ ಅದಕ್ಕೂ ಮೊದಲೇ ಹೋಗಿದ್ದ. ಉಳಿದವನು ಕೊಡೆ ಹಿಡಿದವನೊಬ್ಬ.

ಸಭೆ ಮುಗಿದು ಎಲ್ಲರೂ ಏಳುವಾಗ ಯಜಮಾನ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ರಸ್ತೆ ಮಗ್ಗುಲಲ್ಲೇ ಅಗೀಲಿ ಸಾ. ಒಳಕ್ಕೆ ಓಗೋದು ಬ್ಯಾಡ. ಏನಾರ ಒಂದು ಯೋಳಿ."

ಒಳಗಿನ ಮಣ್ಣು ಸಡಿಲವೆಂದು ನಾನು ಮುಖಂಡಳಿಗೆ ಹೇಳಿದೆ. ರಸ್ತೆಯ ಪಕ್ಕ ಉಯ್ಯಾಲೆ ಹಾಕಿದರೆ ಮಕ್ಕಳು ಗಾಡಿಗಳಿಗೆ ಅಡ್ಡ ಬರುತ್ತಾರೆ, ಆದಷ್ಟೂ ಒಳಗೆ ಹೋಗಬೇಕು, ಸಡಿಲ ಮಣ್ಣಿಗೆ ಸಿಮೆಂಟು ಹೆಚ್ಚು ಹಾಕಿದರಾಯಿತು ಎಂದು ಆಕೆ ಚಿತ್ರ ಬರೆದು ನನಗೆ ತಿಳಿಸಿಕೊಟ್ಟಳು. ಅದು ಸರಿಯಾದ ಮಾತೇ. ಅಲ್ಲೇ ನಿಜ ಹೇಳಬಹುದಿತ್ತು. ಹೇಳಿದ್ದರೆ ಆಕೆ ಹೆಂಗಸರನ್ನು ಕರೆಸಿ ಇನ್ನೊಂದು ಸಭೆ ಮಾಡುತ್ತಿದ್ದಳು. ನಾನು ಸಿಮೆಂಟಿನ ವಿಷಯವಾಗಿ ಗಂಭೀರವಾಗಿ ತಲೆಯಾಡಿಸಿದೆ.

ನಾಲ್ಕು ದಿನ ಪೊದೆ ಕಡಿದರು. ಬದು, ಮುಳ್ಳು, ಒಂದು ಹೊಂಗೆ ಗಿಡ, ಎಲ್ಲ ಹೋಗಿ ನೆಲ ಅಂಗೈಯಂತಾಯಿತು. ಐದನೆಯ ದಿನ ಉಯ್ಯಾಲೆಯ ಕಂಬಗಳಿಗೆ ಗುಂಡಿ ತೆಗೆಯತೊಡಗಿದರು. ಬೆಳಗ್ಗೆ ಹತ್ತೂವರೆಗೆ ಹೆಂಗಸರು ಮಜ್ಜಿಗೆ ತಂದಿದ್ದರು, ಅಡುಗೆಯವಳೂ ಇದ್ದಳು. ಎರಡನೆಯ ಗುಂಡಿಯಿಂದ ಮುಖಂಡಳು ಏನನ್ನೋ ಎತ್ತಿ ಅಂಗಿಗೆ ಒರೆಸಿ ಬೆಳಕಿಗೆ ಹಿಡಿದಳು. ಎರಡು ಬೆರಳು ಮಾತ್ರ ಹೋಗುವಷ್ಟು ಪುಟ್ಟ ಕರಿಬಳೆ. ಒಡೆದಿರಲಿಲ್ಲ. ಎಷ್ಟು ನೂರು ವರ್ಷ ಹಿಂದಿನದಿರಬಹುದು ಎಂದು ಆಕೆ ಕಣ್ಣರಳಿಸಿ ನನ್ನನ್ನು ಕೇಳಿದಳು.

ಹೆಂಗಸರು ಮೊದಲು ಬಳೆಯನ್ನು ನೋಡಿದರು. ಆಮೇಲೆ ಗಂಡಸರನ್ನು ನೋಡಿದರು. ಗಂಡಸರು ನೆಲ ನೋಡುತ್ತಿದ್ದರು.

ಅಡುಗೆಯವಳು ಮಜ್ಜಿಗೆಯ ತಪ್ಪಲೆ ಕೆಳಗಿಟ್ಟು ಕೈ ಚಾಚಿದಳು. "ಕೊಡವ್ವ ಇತ್ತಾಗೆ. ಅದು ನಮ್ಮ ಮೊಗೀಂದು."

"ನಿಂದು ಅಂತ ನಿಂಗ್ಯಾರೇ ಯೋಳಿದ್ರು?" ಎಂದಳು ಅವಳಿಗಿಂತ ಹಿರಿಯಳೊಬ್ಬಳು. "ನಾನೂ ಎರಡು ಕಳ್ಕಂಡಿವ್ನಿ."

"ಎಲ್ಲಾ ಮಕ್ಳಿಗೂ ಒಬ್ನೇ ಬಳೆಗಾರ ತೊಡ್ಸದು ಕಣಕ್ಕ" ಎಂದಳು ಮತ್ತೊಬ್ಬಳು, ಜಗಳ ಬಿಡಿಸುವವಳಂತೆ. "ಯಾವ್ದು ಯಾರ್ದೂಂತ ಎಂಗೆ ಯೋಳದು?"

ಯಾರೂ ಅಳಲಿಲ್ಲ. ಹಿರಿಯಳು ಯಜಮಾನನ ಕಡೆ ತಿರುಗಿದಳು. "ಖಾಲಿ ಬಿದ್ದದೆ ಅಂದ್ರಲ್ಲ ಮಾವ."

ಹೆಂಗಸರು ಜಗಳವಾಡುತ್ತಿದ್ದಾರೆಯೇ ಎಂದು ಮುಖಂಡಳು ನನ್ನನ್ನು ಕೇಳಿದಳು. ಆಗ ನಾನು ಹೇಳಿದೆ, ಎಲ್ಲವನ್ನೂ, ಬರುವಷ್ಟು ಇಂಗ್ಲಿಷಿನಲ್ಲಿ. ಆಕೆ ಮಣ್ಣಿನ ಗುಡ್ಡೆಯ ಮೇಲೆ ಕುಳಿತಳು. ಬಳೆಯನ್ನು ಯಾರಿಗೆ ಕೊಡಬೇಕೆಂದು ಆಕೆಗೆ ತಿಳಿಯಲಿಲ್ಲ. ತಿಳಿದವರೂ ಅಲ್ಲಿರಲಿಲ್ಲ. ಕೊನೆಗೆ ಯಜಮಾನನೇ ಅದನ್ನು ಇಸಿದುಕೊಂಡು, ಮಂಡಿಯೂರಿ ಗುಂಡಿಯೊಳಗಿಟ್ಟು, ಗುದ್ದಲಿ ಮುಟ್ಟದೆ ಎರಡೂ ಕೈಯಿಂದ ಮಣ್ಣು ಎಳೆದ. ಅಷ್ಟರಲ್ಲಿ ಬಿಸಿಯೂಟದ ಅಡುಗೆಗೆ ಹೊತ್ತಾಗಿತ್ತು. ಅಡುಗೆಯವಳು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಉಯ್ಯಾಲೆ, ಜಾರುಬಂಡೆ ಎರಡೂ ಶಾಲೆಯ ಅಂಗಳಕ್ಕೆ ಬಂದವು. ಇದ್ದಷ್ಟು ಜಾಗದಲ್ಲಿ ಜಾರುಬಂಡೆ ನೆಟ್ಟಗೆ ಕಕ್ಕಸಿನ ಗೋಡೆಗೆ ಮುಖ ಮಾಡಿತು. ಜಾರಿದ ಮಗು ಗೋಡೆಗೆ ಒದ್ದು ನಿಲ್ಲಬೇಕು. ಮಕ್ಕಳಿಗೆ ಅದೇ ಹೆಚ್ಚು ಹಿಡಿಸಿತು. ಬಂದವರು ಹಾರ ಹಾಕಿಸಿಕೊಂಡು ಹೊರಟರು. ಬಂದಾಗ ಇದ್ದ ಗೆಲುವು ಅವರಲ್ಲಿ ಇರಲಿಲ್ಲ. ಶಿಕ್ಷೆಯ ಅವಧಿ ಮುಗಿಯಿತಲ್ಲ ಎಂದು ಜನ ಅವರ ಪರವಾಗಿ ಸಮಾಧಾನಪಟ್ಟರು.

ಒಂದು ವಾರ ಕಳೆದಿರಬೇಕು. ಮಕ್ಕಳೆಲ್ಲ ಹೋದ ಮೇಲೆ ಅಡುಗೆಯವಳು ಪಾತ್ರೆ ಬೆಳಗುತ್ತಾ, ತಲೆಯೆತ್ತದೆ ಕೇಳಿದಳು. "ಅವತ್ತು ನೀವೂ ಓಗಿದ್ರಂತಲ್ಲ ಸಾ. ಎಲ್ಲಿ ಮಡಗಿದ್ರಿ?"

ನಾನು ಹಾಜರಿ ಪುಸ್ತಕ ಮಡಚಿದೆ. "ನಿನ್ನ ಗಂಡ ಹೇಳಿರಲಿಲ್ಲವೇ?"

"ಅವ್ರಿರೋಗಂಟ ಕೇಳ್ದೆ. ಕೇಳ್ದಾಗೆಲ್ಲ ಎದ್ದೋಗೋರು."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಇಬ್ಬರೂ ಹೋದೆವು. ನನಗೆ ನೆನಪಿದ್ದದ್ದು ಇಷ್ಟು: ಹೊಂಗೆ ಗಿಡದಿಂದ ಬದುವಿನ ಮೇಲೆ ಒಂದಷ್ಟು ಹೆಜ್ಜೆ, ಆಮೇಲೆ ಎಡಕ್ಕೆ. ಗಿಡ ಇರಲಿಲ್ಲ. ಬದುವೂ ಇರಲಿಲ್ಲ. ಕಡಿಯುವಾಗ ಪಕ್ಕದಲ್ಲೇ ನಿಂತು, ಕೊಡೆ ಹಿಡಿದು, ಮೇಲ್ವಿಚಾರಣೆ ನಡೆಸಿದವನು ನಾನೇ. ಗೊತ್ತಿಲ್ಲದ ಉತ್ತರವನ್ನು ಊಹಿಸಿ ಬರೆದರೆಂದು ಎಷ್ಟೋ ಮಕ್ಕಳ ಅಂಗೈಗೆ ಬಾರಿಸಿದ್ದೇನೆ. ಆ ಮಧ್ಯಾಹ್ನ ನಾನು ಆ ಕಡೆಗೊಂದು, ಈ ಕಡೆಗೊಂದು ಹೆಜ್ಜೆ ಅಳೆದು, ಗೊತ್ತಿರುವವನ ಹಾಗೆ ನಿಂತು, "ಇಲ್ಲೇ" ಎಂದೆ.

ಆಕೆ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣನ್ನು ಅಂಗೈಯಿಂದ ಸವರಿದಳು. "ತಲೆ ಯಾವ ಕಡೀಕೆ ಸಾ?"

"ತೆಂಕಲಿಗೆ" ಎಂದೆ. ಅದೊಂದು ನಿಜ. ಎಲ್ಲರನ್ನೂ ತೆಂಕಲಿಗೇ ಮಲಗಿಸುತ್ತಾರೆ. ಆಕೆ ಎದ್ದು, ಸುತ್ತಿ ಬಂದು, ತೆಂಕಲ ಮಗ್ಗುಲಿಗೆ ಕುಳಿತಳು. ನಾನು ರಸ್ತೆಗೆ ಬಂದು ಬೆನ್ನು ಮಾಡಿ ನಿಂತೆ.

ಮೇಷ್ಟ್ರು ತೋರಿಸಿಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಮೂವರು ಹೆಂಗಸರು ಶಾಲೆಯ ಬಾಗಿಲಿಗೆ ಬಂದು ನಿಂತರು. "ನಮ್ದೂ ಎಲ್ಲೀಂತ ಯೋಳಿ ಸಾ." ನಿಮ್ಮ ಮಕ್ಕಳ ಜೊತೆ ನಾನು ಹೋಗಿರಲಿಲ್ಲ, ನಿಮ್ಮ ಗಂಡಂದಿರನ್ನೇ ಕೇಳಿ ಎಂದು ಕಳಿಸಿದೆ. ಕೆಲವು ಮನೆಗಳಲ್ಲಿ ಕೆಲವು ದಿನ ಒಲೆ ಹೊತ್ತಲಿಲ್ಲವೆಂದು ಕೇಳಿದೆ. ಒಂದು ಬೆಳಗ್ಗೆ ಯಜಮಾನ ಮುಂದೆ, ಅವನ ಹೆಂಡತಿ ನಾಲ್ಕು ಮಾರು ಹಿಂದೆ, ಒಬ್ಬರನ್ನೊಬ್ಬರು ಬಲ್ಲವರೇ ಅಲ್ಲವೆಂಬಂತೆ ಆ ಕಡೆಗೆ ನಡೆದು ಹೋಗುವುದನ್ನು ನಾನೇ ನೋಡಿದೆ. ಆ ಅಜ್ಜಿಗೆ ಆಗ ಅರವತ್ತು ದಾಟಿತ್ತು.

ಮುಖಂಡಳ ಕಾಗದ ಬಂತು. ಮಕ್ಕಳು ಉಯ್ಯಾಲೆ ಆಡುತ್ತಾರೆಯೇ ಎಂದು ಮೊದಲ ಸಾಲು. ಆ ಹೆಂಗಸಿಗೆ ತನ್ನ ಮಗುವಿನ ಜಾಗ ಸಿಕ್ಕಿತೇ ಎಂದು ಕೊನೆಯ ಸಾಲು. ಎರಡಕ್ಕೂ ಹೌದೆಂದು ಬರೆದು, ಅಂಚೆಗೆ ಹಾಕದೆ, ಬಹಳ ದಿನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಹಾಕಿದೆ.

ಮಾರನೆಯ ವರ್ಷ ನನಗೆ ಹದಿನಾರು ಎಂಬ ಊರಿನ ಕಡೆಯ ಶಾಲೆಗೆ ವರ್ಗವಾಯಿತು. ಹೊರಡುವ ದಿನ ಆ ಜಾಗವನ್ನು ಇನ್ನೊಮ್ಮೆ ನೋಡಿದೆ. ಮತ್ತೆ ಪೊದೆ ಏಳುತ್ತಿತ್ತು. ನಾನು ಬೆರಳು ತೋರಿಸಿದ್ದ ಕಡೆ ಮಾತ್ರ, ಒಂದು ಮೊರದಗಲ, ಕಳೆ ಕಿತ್ತು ಸಾರಿಸಿದಂತಿತ್ತು. ತಪ್ಪೊಪ್ಪಿಕೊಂಡು ಹೋಗೋಣವೆಂದು ಅಡುಗೆಮನೆಯ ಬಾಗಿಲಿಗೆ ಬಂದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡೆ.

ಆಕೆ ಅಕ್ಕಿ ಕೇರುವುದನ್ನು ನಿಲ್ಲಿಸಿದಳು. "ನೀವು ತೋರ್ಸಿದ್ ಜಾಗ ಸರಿಯೋ ತಪ್ಪೋ ನಾ ಕೇಳಕ್ಕಿಲ್ಲ ಸಾ. ನೀವೂ ಯೋಳ್ಬ್ಯಾಡಿ."

ನಾನು ಹೊಸ್ತಿಲಿನಿಂದ ಕಾಲು ಹಿಂದೆಗೆದೆ.

"ಯೋಳದಾಗಿದ್ರೆ ಸಭೇಲೇ ಯೋಳ್ಬೇಕಾಗಿತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ, ಮೊರ ಕೆಳಗಿಟ್ಟು, ಉಯ್ಯಾಲೆಯ ಸರಪಳಿಗೆ ನಾಲ್ವರು ಒಟ್ಟಿಗೆ ಜೋತುಬಿದ್ದು ಕಿತ್ತಾಡುತ್ತಿದ್ದ ಮಕ್ಕಳನ್ನು ಗದರಲು ಅಂಗಳಕ್ಕೆ ಹೋದಳು.