ಮೇಸ್ತ್ರಿಯ ಅಂಗೈ

ಮಾರಾಟಕ್ಕೆ ಇಟ್ಟರೆ ಈ ಮನುಷ್ಯನಿಗೆ ಹೆಚ್ಚು ಬೆಲೆ ಬರುವುದಿಲ್ಲ. ಹೊರಮೈ ಮಾಸಿದೆ, ಮುಂದಿನ ಹಲ್ಲುಗಳು ಹೋಗಿವೆ, ಎಡ ಮೊಣಕಾಲು ಕೂರುವಾಗೊಮ್ಮೆ ಏಳುವಾಗೊಮ್ಮೆ ಸದ್ದು ಮಾಡುತ್ತದೆ. ಮಾತಿಗೆ ನಯವಿಲ್ಲ. ಗಿರಾಕಿ ಎದುರಿಗೆ ಬಂದು ನಿಂತರೂ ತಲೆ ಎತ್ತಿ ನೋಡುವ ಅಭ್ಯಾಸವಿಲ್ಲ. ಇಂಥ ಸರಕನ್ನು ನಾನಾದರೆ ಅಂಗಡಿಯ ಹಿಂಬದಿಗೆ ತಳ್ಳಿ, ಮೇಲೊಂದು ಗೋಣಿ ಹೊದಿಸಿ ಮರೆತುಬಿಡುತ್ತಿದ್ದೆ. ಆದರೆ ಅವರಿಗೆ ಎರಡು ಕೈಗಳಿದ್ದವು. ಆ ಕೈಗಳನ್ನು ಬಿಡಿಯಾಗಿ ಮಾರುತ್ತಾರೆ ಎಂದಿದ್ದರೆ ಚೌಕಾಸಿ ಮಾಡದೆ ಕೊಳ್ಳುವವರ ಸಾಲಿನಲ್ಲಿ ನಾನೇ ಮೊದಲು ನಿಂತಿರುತ್ತಿದ್ದೆ.

ನನ್ನದು ಗಾಡಿಗಳ ಬಿಡಿಭಾಗಗಳ ಅಂಗಡಿ. ಪಕ್ಕದ ತಗಡಿನ ಶೆಡ್ಡು ಅವರದು. ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿ ನಾವಿಬ್ಬರೂ ಅರ್ಧ ಆಯುಷ್ಯ ಕಳೆದಿದ್ದೇವೆ. ಬೀದಿಯವರೆಲ್ಲ ಅವರನ್ನು ಅಂಗೈ ಮೇಸ್ತ್ರಿ ಎನ್ನುತ್ತಾರೆ. ಹೆಸರು ಬಂದದ್ದು ಅವರ ಕೆಲಸದ ರೀತಿಯಿಂದ. ಇಂಜಿನ್ ಕಾಯುತ್ತಿದೆ ಎಂದು ಯಾರಾದರೂ ಕಾರು ತಂದು ನಿಲ್ಲಿಸಿದರೆ ಉಳಿದ ಮೆಕ್ಯಾನಿಕ್‌ಗಳು ಮೊದಲು ಮೀಟರಿನ ಮುಳ್ಳು ನೋಡುತ್ತಾರೆ. ಇವರು ಆ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ.

"ಮುಳ್ಳು ಕೆಂಪಿಗೆ ಹೋಗ್ಬಿಟ್ಟಿದೆ ಮೇಸ್ತ್ರೀ!" ಎಂದು ಕಾರಿನವನು ಬೆವರು ಒರೆಸಿಕೊಳ್ಳುತ್ತ ನಿಂತರೆ, "ಹೋಗ್ಲಿ ಬಿಡಿ, ಅದಕ್ಕೇನು ಕೆಲಸ. ಇಂಜಿನ್ ಏನ್ ಹೇಳತ್ತೆ ಕೇಳೋಣ," ಎಂದು ಬಾನೆಟ್ ಎತ್ತುತ್ತಿದ್ದರು. ಮೊದಲು ಮೂಗಿನಿಂದ ಒಂದು ಉಸಿರು. ಆಮೇಲೆ ನೆಲದ ಮೇಲೆ ನೀರು ತೊಟ್ಟಿಕ್ಕಿದೆಯೇ ಎಂದು ಒಂದು ನೋಟ, ಫ್ಯಾನ್ ತಿರುಗುತ್ತಿದೆಯೇ ಎಂದು ಒಂದು ಕಿವಿ. ಕೊನೆಗೆ ರೇಡಿಯೇಟರಿನ ಮೇಲಿನ ರಬ್ಬರ್ ಪೈಪಿನ ಮೇಲೆ ಅಂಗೈ, ಅಲ್ಲಿಂದ ಕೆಳಗಿನ ಪೈಪಿನ ಮೇಲೆ ಅಂಗೈ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಒಳಗೆ ನೀರು ಹರಿಯುತ್ತಿಲ್ಲ. ಎರಡೂ ಸುಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಎರಡೂ ಹದವಾಗಿದ್ದರೆ ಇಂಜಿನ್ ಕಲ್ಲಿನಂತಿದೆ, ಸುಳ್ಳು ಹೇಳುತ್ತಿರುವುದು ಮುಳ್ಳು. ಎಲ್ಲೋ ಒಂದು ವೈರಿನ ಸಿಪ್ಪೆ ಸುಲಿದಿದೆ, ಅಷ್ಟೆ. ಹೊಸ ರೇಡಿಯೇಟರ್ ಕೊಳ್ಳಲು ಸಿದ್ಧನಾಗಿ ಬಂದವನು ಒಂದು ಚೂರು ಟೇಪು ಸುತ್ತಿಸಿಕೊಂಡು, ನನ್ನ ಅಂಗಡಿಯ ಮುಂದೆಯೇ ಹಾರ್ನ್ ಹೊಡೆದು ಹೋಗುತ್ತಿದ್ದ.

"ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ ಮೇಸ್ತ್ರೀ," ಎಂದು ಗೋಡೆಯಾಚೆಯಿಂದ ಗೊಣಗಿದರೆ, "ಹೊಡೆಯೋಕೆ ಅಲ್ಲಿ ಜಾಗ ಬೇಕಾದಷ್ಟಿದೆ ಸಾಹುಕಾರ್ರೇ," ಎನ್ನುತ್ತಿದ್ದರು.

ದೂರದಿಂದ ಗುರಿಯಿಟ್ಟರೆ ಬಿಸಿ ಎಷ್ಟೆಂದು ತೋರಿಸುವ ಮೀಟರು ಮಾರುಕಟ್ಟೆಗೆ ಬಂದಾಗ ಮೊದಲನೆಯದನ್ನು ಅವರಿಗೇ ಅಂಟಿಸಲು ನೋಡಿದೆ. "ಒಂದು ಇಟ್ಕೊಳ್ಳಿ ಮೇಸ್ತ್ರೀ, ಕೈ ಸುಟ್ಕೊಳ್ಳೋ ಕಷ್ಟ ತಪ್ಪತ್ತೆ." ಅವರು ಎರಡೂ ಅಂಗೈ ಎತ್ತಿ ತೋರಿಸಿದರು. "ನನ್ನ ಹತ್ರ ಆಗ್ಲೇ ಎರಡಿವೆ." ಆ ಅಂಗೈಗಳು ಹಳೆಯ ಚಪ್ಪಲಿಯ ಅಟ್ಟೆಯ ಹಾಗಿದ್ದವು. ಸುಟ್ಟ ಕಲೆಗಳ ಮೇಲೆ ಸುಟ್ಟ ಕಲೆಗಳು. ಯಾವುದು ಹಳೆಯದು, ಯಾವುದು ನಿನ್ನೆಯದು ಎಂದು ಅವರೂ ನೋಡಿಕೊಂಡವರಲ್ಲ.

ಮಧ್ಯಾಹ್ನ ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಬರುತ್ತಿದ್ದರು. ಗಿಡ್ಡ ಹೆಂಗಸು, ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ತಾವೇ ಆಡಿ ಮುಗಿಸುವವರು. ಒಂದರ ಮೇಲೊಂದು ಪೇರಿಸಿದ ಟಯರುಗಳ ಮೇಲೆ ಕಾಲು ಇಳಿಬಿಟ್ಟು ಕೂತು, ಗಂಡ ಉಂಡು ಮುಗಿಸುವವರೆಗೆ ನನ್ನೊಡನೆ ಹರಟುತ್ತಿದ್ದರು. ನನ್ನನ್ನು ಅಣ್ಣ ಎನ್ನುತ್ತಿದ್ದರು, ನನ್ನ ಹೆಂಡತಿಯನ್ನು ಅತ್ತಿಗೆ.

"ಮನೇಲಿ ನನ್ನ ಒಂದು ಮಾತೂ ಕಿವಿಗೆ ಹಾಕ್ಕೊಳಲ್ಲ ಅಣ್ಣಾ ಇವ್ರು. ನಾನು ಇಂಜಿನ್ನಾಗಿ ಹುಟ್ಟಿದ್ರೆ ಬಾಗಿ ಬಾಗಿ ಕೇಳ್ತಿದ್ರು."

"ಇಂಜಿನ್ ಇಷ್ಟು ಮಾತಾಡಲ್ಲ," ಎಂದು ಮೇಸ್ತ್ರಿ ತುತ್ತು ನುಂಗುತ್ತಲೇ ಉತ್ತರ ಕೊಡುತ್ತಿದ್ದರು.

ಒಂದು ವರ್ಷ ಮೇಸ್ತ್ರಿ ಹದವಾಗಿದೆ ಎಂದು ಕಳಿಸಿದ ಗಾಡಿಗಳು ಅಲ್ಲೊಂದು ಇಲ್ಲೊಂದು ವಾಪಸು ಬರತೊಡಗಿದವು. ಒಬ್ಬ ಟ್ಯಾಕ್ಸಿಯವನು ಹಬೆ ಉಗುಳುವ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದು, "ಕೈಯಿಟ್ಟು ನೋಡಿ ಏನಿಲ್ಲ ಹೋಗು ಅಂದಿದ್ರಲ್ಲ ಯಜಮಾನ್ರೇ!" ಎಂದು ಕೂಗಾಡಿದ. ಮೇಸ್ತ್ರಿ ರೇಡಿಯೇಟರಿನ ಮುಚ್ಚಳ ಸರಿಯಿಲ್ಲ ಎಂದರು, ನೀರು ಸರಿಯಿಲ್ಲ ಎಂದರು. ಕೈ ಸರಿಯಿಲ್ಲ ಎಂಬುದು ಅವರ ತಲೆಗೂ ಹೊಳೆಯಲಿಲ್ಲ, ನಮ್ಮ ತಲೆಗೂ ಹೊಳೆಯಲಿಲ್ಲ. ವಯಸ್ಸಾಯಿತು, ಗಮನ ಕಡಿಮೆಯಾಗಿದೆ ಎಂದುಕೊಂಡೆವು.

ಅದೇ ಹೊತ್ತಿಗೆ ಒಂದು ಮಧ್ಯಾಹ್ನ ಅವರ ಹೆಂಡತಿ ಡಬ್ಬಿ ಇಟ್ಟು, ಟಯರಿನ ಮೇಲೆ ಹತ್ತಿ ಕೂರದೆ ಕೆಳಗೇ ಕೂತುಬಿಟ್ಟರು.

"ಏನ್ರೀ, ನಿನ್ನೆಯಿಂದ ಸೊಂಟದ ಹತ್ರ ನೋವು. ಮೈಯೂ ಕಾಯ್ತಾ ಇದೆ ಅನ್ಸತ್ತೆ. ಡಾಕ್ಟ್ರ ಹತ್ರ ಹೋಗೋಣ್ವಾ?"

ಮೇಸ್ತ್ರಿ ಕೈ ಒರೆಸಿಕೊಂಡು ಎದ್ದು ಬಂದರು. ಅಷ್ಟು ಆಡಿಕೊಂಡರೂ ಹೆಂಡತಿಗೆ ಏನಾದರೂ ಆದರೆ ಈ ಮನುಷ್ಯನಿಗೆ ತಡೆಯುತ್ತಿರಲಿಲ್ಲ. ಬಗ್ಗಿ ಆಕೆಯ ಹಣೆಯ ಮೇಲೆ ಅಂಗೈ ಇಟ್ಟರು, ಕತ್ತಿನ ಬದಿಗೆ ಇಟ್ಟರು. ಮೇಲಿನ ಪೈಪು, ಕೆಳಗಿನ ಪೈಪು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು.

"ಹದವಾಗಿದೀಯ. ಏನಿಲ್ಲ. ಬಿಸಿಲಲ್ಲಿ ನಡ್ಕೊಂಡು ಬಂದಿದೀಯ, ಅದಕ್ಕೆ. ಹೋಗಿ ಮಲಕ್ಕೋ."

"ಅತ್ತಿಗೆ ಥರ್ಮಾಮೀಟರ್ ಕೊಟ್ಟಿದ್ರು. ಅದು ಜ್ವರ ಜಾಸ್ತಿ ಇದೆ ಅಂತ ತೋರಿಸ್ತು."

"ಅದೂ ಮೀಟರೇ ತಾನೆ?" ಎಂದರು ಮೇಸ್ತ್ರಿ. ಆಕೆಗೆ ನಗು ಬಂತು. ಗೋಡೆಯ ಈಚೆಗಿದ್ದ ನನಗೂ ಬಂತು.

ಸಂಜೆ ಥರ್ಮಾಮೀಟರ್ ವಾಪಸು ಕೊಡಲು ಆಕೆ ನಮ್ಮ ಮನೆಗೆ ಬಂದರಂತೆ. ಮುಖ ಕೆಂಪಗಾಗಿದೆ, ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ ನಡಿ ಎಂದು ನನ್ನ ಹೆಂಡತಿ ಹೇಳಿದ್ದಾಳೆ. "ಬೇಡ ಅತ್ತಿಗೆ. ಇಡೀ ಬೀದಿ ಇವ್ರ ಕೈ ನಂಬತ್ತೆ. ನಾನೇ ನಂಬದಿದ್ರೆ ಹೇಗೆ?" ಎಂದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರಂತೆ.

ಮರುದಿನ ಡಬ್ಬಿ ಬರಲಿಲ್ಲ. ಮೇಸ್ತ್ರಿ ಬೆಳಿಗ್ಗೆಯೂ ಮುಟ್ಟಿ ನೋಡಿಯೇ ಕೆಲಸಕ್ಕೆ ಬಂದಿದ್ದರು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದಾಗ ಆಕೆ ಏನೇನೋ ಬಡಬಡಿಸುತ್ತಿದ್ದರು. ನನ್ನ ವ್ಯಾನಿನಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಮೂತ್ರಪಿಂಡದ ಸೋಂಕು ರಕ್ತಕ್ಕೆ ಸೇರಿದೆ, ಮೊದಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು.

"ಜ್ವರ ಇರ್ಲಿಲ್ಲ ಡಾಕ್ಟ್ರೇ. ನಾನೇ ಮುಟ್ಟಿ ನೋಡಿದೀನಿ," ಎಂದರು ಮೇಸ್ತ್ರಿ. ಡಾಕ್ಟರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋದರು. ಆಕೆ ಮನೆಗೆ ಮರಳಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಮೇಸ್ತ್ರಿಯದು ಒಂದೇ ಮಾತು. "ಒಂದು ಚೂರೂ ಬಿಸಿ ಇರ್ಲಿಲ್ಲ. ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?" ಯಾರೂ ಎದುರು ಹೇಳಲಿಲ್ಲ. ಅವರ ಮುಖ ನೋಡಿದರೆ ಆ ಮಾತೊಂದೇ ಅವರನ್ನು ಎತ್ತಿ ಹಿಡಿದಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಬಿಸಿ ಇರಲಿಲ್ಲ, ಸಾವು ಹೇಳದೆ ಕೇಳದೆ ಬಂತು, ಕೈಯ ತಪ್ಪಿಲ್ಲ.

ಕೆಲವು ವಾರಗಳ ನಂತರ ಶೆಡ್ಡಿನ ಬಾಗಿಲು ತೆರೆಯಿತು. ಮೊದಲು ಒಳಗೆ ಹೋದದ್ದು ನನ್ನ ವ್ಯಾನು. ಅವರಿಗೆ ಕೈತುಂಬ ಕೆಲಸ ಸಿಗಲಿ ಎಂಬ ಧಾರಾಳತನವೇನಲ್ಲ. ನಿಜಕ್ಕೂ ಮುಳ್ಳು ಕೆಂಪಿಗೆ ಏರಿತ್ತು. ಮೇಸ್ತ್ರಿ ಬಾನೆಟ್ ಎತ್ತಿದರು. ಉಸಿರೆಳೆದರು. ಮೇಲಿನ ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಹದವಾಗಿದೆ ಸಾಹುಕಾರ್ರೇ. ವೈರು ನೋಡೋಣ."

ನನಗೋ ಸಿಹಿ ಸಿಹಿಯಾದ ಒಂದು ಕಾದ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನ್ನ ಗಾಡಿ, ನನ್ನ ನಷ್ಟ. ನಂಬಿಕೆ ಎಷ್ಟಿದ್ದರೂ ವ್ಯಾಪಾರಿಯ ಕೈ ಸುಮ್ಮನಿರುವುದಿಲ್ಲ. ಅವರ ಕೈ ಇದ್ದ ಜಾಗದ ಪಕ್ಕದಲ್ಲೇ ಬೆರಳು ಇಟ್ಟೆ.

"ಅಯ್ಯೋ! ಸುಡ್ತಾ ಇದೆಯಲ್ರೀ!" ಎಂದು ಕೈ ಕೊಡವಿಕೊಂಡು ಹಿಂದಕ್ಕೆ ಹಾರಿದೆ.

ಮೇಸ್ತ್ರಿ ಕಣ್ಣು ಬಿಟ್ಟರು. ಅವರ ಅಂಗೈ ಇನ್ನೂ ಪೈಪಿನ ಮೇಲೆಯೇ ಇತ್ತು. ನನ್ನ ಕೆಂಪಾದ ಬೆರಳು ನೋಡಿದರು, ತಮ್ಮ ಕೈ ನೋಡಿದರು. ಕೈ ತೆಗೆದು ಮತ್ತೊಮ್ಮೆ ಇಟ್ಟರು, ಗಟ್ಟಿಯಾಗಿ ಒತ್ತಿದರು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಸರಿಸಿ, ಮುಂಗೈಯ ಒಳಭಾಗವನ್ನು ಮೆಲ್ಲಗೆ ಪೈಪಿಗೆ ತಾಗಿಸಿದರು. ಕೈ ಚಿಮ್ಮಿ ಹಿಂದಕ್ಕೆ ಬಂತು.

ನಾನು ಸುಟ್ಟ ಬೆರಳನ್ನು ಅಂಗಿಯ ಅಂಚಿನಲ್ಲಿ ಸುತ್ತಿಕೊಂಡೆ.

"ಅವತ್ತೂ ಹೀಗೇ ಇತ್ತಾ?" ಎಂದು ಕೇಳಿದರು. ನನ್ನನ್ನು ಕೇಳಿದ್ದಲ್ಲ. ಕಣ್ಣು ಟಯರುಗಳ ಕಡೆಗಿತ್ತು. "ಹೇಳಿದ್ಲಲ್ಲ. ಬಾಯಿ ಬಿಟ್ಟು ಹೇಳಿದ್ಲಲ್ಲ ಸಾಹುಕಾರ್ರೇ, ಮೈ ಕಾಯ್ತಾ ಇದೆ ಅಂತ."

ಅಷ್ಟು ಹೇಳಿ ಅವರು ನೆಲದ ಮೇಲೆ, ಆಕೆ ಕೂತಿದ್ದ ಜಾಗದಲ್ಲಿ ಕೂತರು. ಮೊಣಕಾಲು ಎಂದಿನಂತೆ ಸದ್ದು ಮಾಡಿತು. ಇಂಜಿನ್ ತಣ್ಣಗಾಗುವವರೆಗೂ ಏಳಲಿಲ್ಲ. ಆಮೇಲೆ ಎದ್ದು, ನೀರಿನ ಪಂಪು ಕೆಟ್ಟಿದೆ ಎಂದು ಕಂಡುಹಿಡಿದು, ಬದಲಾಯಿಸಿ ಕೊಟ್ಟರು. ಕೆಲಸ ಒಂದಿಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಮನೆಗೆ ಹೋಗುವಾಗ ಮಾತ್ರ ಎರಡೂ ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡು ಹೋದರು. ಯಾರದೋ ವಸ್ತುವನ್ನು ಕದ್ದು ಒಯ್ಯುವವರ ಹಾಗೆ.

ಮರುದಿನ ಅಂಗಡಿಗೆ ಬಂದರು, ಗೋಡೆಯಾಚೆಯಿಂದಲ್ಲ, ಮುಂಬಾಗಿಲಿನಿಂದ, ಗಿರಾಕಿಯಂತೆ. "ಆ ಮೀಟರು ಒಂದು ಕೊಡಿ." ಅದನ್ನು ಅವರಿಗೆ ಮಾರಬೇಕೆಂದು ಎಷ್ಟು ಕಾಲ ಹಿಂದೆ ಬಿದ್ದಿದ್ದೆ! ಪೊಟ್ಟಣ ಕಟ್ಟುವಾಗ, ಈ ವ್ಯಾಪಾರ ಆಗದಿದ್ದರೆ ಒಳ್ಳೆಯದಿತ್ತು ಎನಿಸಿತು. ಅಂಗಡಿ ತೆರೆದಾಗಿನಿಂದ ನನಗೆ ಹಾಗನಿಸಿದ್ದು ಅದೊಂದೇ ಸಲ.

ಈಗಲೂ ಶೆಡ್ಡಿಗೆ ಗಾಡಿಗಳು ಬರುತ್ತವೆ. ಮೇಸ್ತ್ರಿ ಮೊದಲು ಮುಳ್ಳು ನೋಡುತ್ತಾರೆ, ಆಮೇಲೆ ಮೀಟರು ಹಿಡಿಯುತ್ತಾರೆ, ಕೊನೆಗೆ ಮುಂಗೈ ತಾಗಿಸುತ್ತಾರೆ. ಮೂರನ್ನೂ ಕೇಳಿದ ಮೇಲೆ, ಕಾರಿನವನ ಕಡೆ ತಿರುಗಿ, "ನಿಮಗೇನನ್ಸತ್ತೆ?" ಎಂದು ಅವನನ್ನೂ ಕೇಳುತ್ತಾರೆ. ಊಟದ ಡಬ್ಬಿ ತಾವೇ ತರುತ್ತಾರೆ. ಟಯರುಗಳ ಮೇಲೆ ಯಾರಾದರೂ ಕೂತರೆ ಏನಾದರೂ ನೆಪ ತೆಗೆದು ಎಬ್ಬಿಸುತ್ತಾರೆ.

ಹೋದ ವರ್ಷ ನನ್ನ ಹೆಂಡತಿಗೆ ನಡುಕ ಬಂತು. ಜ್ವರ, ಜೊತೆಗೆ ಸೊಂಟದ ಹತ್ತಿರ ನೋವು. ಅಂಗಡಿಯಲ್ಲಿ ಸರಕು ಇಳಿಯುತ್ತಿತ್ತು. ಸಂಜೆ ನೋಡಿದರಾಯಿತು ಎಂದು ಗೋಡೆಯ ಹತ್ತಿರ ನಿಂತು ಮೇಸ್ತ್ರಿಗೆ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ನೇರವಾಗಿ ನಮ್ಮ ಮನೆಗೆ ನಡೆದರು, ನಾನು ಹಿಂದೆ. ಹಾಸಿಗೆಯ ಪಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ಅತ್ತಿಗೆ, ಥರ್ಮಾಮೀಟರ್ ಏನ್ ಹೇಳ್ತು?"

ಅವಳು ಹೇಳಿದಳು.

"ನಿಮಗೇನನ್ಸತ್ತೆ?"

"ಮೈಯೆಲ್ಲ ಉರೀತಾ ಇದೆ ಮೇಸ್ತ್ರೀ."

"ವ್ಯಾನಿನ ಕೀ ಕೊಡಿ ಸಾಹುಕಾರ್ರೇ."

"ಸರಕು..." ಎಂದೆ.

"ಸರಕು ಎಲ್ಲೂ ಹೋಗಲ್ಲ. ಕೀ ಕೊಡಿ."

ಅವರೇ ಓಡಿಸಿದರು. ಆಸ್ಪತ್ರೆಯಲ್ಲಿ ಅದೇ ರೋಗ ಎಂದರು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು. ಆ ಮಾತು ಕೇಳಿದ ಮೇಲೆ ಮೇಸ್ತ್ರಿ ಹೊರಗೆ ಹೋಗಿ ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡು ಕೂತರು. ನಾನು ಹತ್ತಿರ ಹೋಗಲಿಲ್ಲ. ಕಿಟಕಿಯಿಂದ ಅವರ ಬೆನ್ನು ಅಲುಗುವುದು ಕಾಣುತ್ತಿತ್ತು.

ನನ್ನ ಹೆಂಡತಿ ಈಗ ಒಳಗಿನ ಕೋಣೆಯಲ್ಲಿ ಯಾರೊಡನೆಯೋ ಫೋನಿನಲ್ಲಿ ನನ್ನನ್ನೇ ಬೈಯುತ್ತಿದ್ದಾಳೆ. ಅವಳು ಬದುಕಿದ್ದಾಳೆ. ಅದಕ್ಕಾಗಿ ನಾನು ಅಂಗೈ ಮೇಸ್ತ್ರಿಗೆ ಋಣಿ.