ಬೇಸ್ ಒಂದೇ ಹಾಡುವ ಸಾಲು

ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು ನಿಂತು, ತಮಗೆ ದರ್ಶನವಾಯಿತು, ಸ್ವರ ಕೇಳಿಸಿತು ಎಂದು ಸಾಕ್ಷಿ ಹೇಳಿದರೆ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಭಕ್ತಿಯಿಂದಲ್ಲ, ನಗು ಮುಚ್ಚಿಕೊಳ್ಳಲು. ನಾನು ದಿನಚರಿ ಬರೆಯುವವನು, ತಾರೀಕು ಮತ್ತು ಲೆಕ್ಕವನ್ನು ನಂಬುವವನು. ಬೇಡಿಕೊಂಡದ್ದು ಎಷ್ಟು, ಸಿಕ್ಕಿದ್ದು ಎಷ್ಟು ಎಂದು ದೇವರ ವಿಷಯದಲ್ಲೂ ಗುರುತು ಹಾಕಿಡುವ ಅಭ್ಯಾಸ ನನಗಿತ್ತು. ಹಾಗಾಗಿ ಮುಂದಿನದನ್ನು ಓದುವಾಗ ನಿಮಗೆ ನಗು ಬಂದರೆ ನನ್ನ ಆಕ್ಷೇಪವಿಲ್ಲ.

ನಮ್ಮದು ಬಲ್ಮಠದ ಹತ್ತಿರದ ಮನೆ. ಪಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಯಂತ್ರದ ಗದ್ದಲವನ್ನು ದಾಟಿ ಕೇಳಿಸುವ ಅವರ ಸ್ವರ ಭಾನುವಾರ ದೇವಾಲಯದಲ್ಲಿ ಬೇಸ್ ಆಗುತ್ತಿತ್ತು. ನಮ್ಮ ಚರ್ಚಿನ ಸಭೆಯವರು ಹಾಡುವುದು ನಾಲ್ಕು ಸ್ವರಗಳಲ್ಲಿ, ಎಲ್ಲಕ್ಕಿಂತ ಮೇಲಿನದು ಸೋಪ್ರಾನೋ, ಎಲ್ಲಕ್ಕಿಂತ ಕೆಳಗಿನದು ಬೇಸ್. ಮನೆಯಲ್ಲಿಯೂ ಸಂಜೆಯ ಪ್ರಾರ್ಥನೆಗೆ ಹಾಗೆಯೇ: ಅಮ್ಮ ಸೋಪ್ರಾನೋ, ತಂಗಿ ಲಿಡಿಯಾ ಆಲ್ಟೋ, ನಾನು ಟೆನರ್, ಪಪ್ಪ ಬೇಸ್. ಪಪ್ಪನಿಗೆ ಇಷ್ಟವಾದ ಗೀತೆಯೊಂದಿತ್ತು. ತಂದೆಯ ಕೈಯ ಬೆತ್ತವೂ ಪ್ರೀತಿಯೇ ಎಂದು ಮಗು ಒಪ್ಪಿಕೊಳ್ಳುವ ಹಾಡು. ಅದರ ಕೊನೆಯ ಚರಣದಲ್ಲಿ ಒಂದು ಕಡೆ ಉಳಿದ ಮೂವರೂ ನಿಲ್ಲಿಸಬೇಕು. ಬೇಸ್ ಒಂದೇ ಕೆಳಗಿಳಿದು ಆ ಒಪ್ಪಿಗೆಯ ಮಾತನ್ನು ಹಾಡಬೇಕು.

೧೯೮೦ರ ಕೊನೆಗೆ ಪಪ್ಪನ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿತು. ಕಂಕನಾಡಿಯ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅನಂತರ ಅವರು ಉಸಿರಾಡುತ್ತಿದ್ದದ್ದು ಕತ್ತಿನಲ್ಲಿ ಮಾಡಿದ ರಂಧ್ರದಿಂದ. ಅದರ ಮೇಲೆ ಒಂದು ತೆಳು ಬಟ್ಟೆ. ಗುನುಗುವುದಿರಲಿ, ನಮಗೆ ಶ್ರುತಿ ಕೊಡುತ್ತಿದ್ದ ಪುಟ್ಟ ಪೀಪಿಯನ್ನು ಊದುವುದೂ ಅವರಿಗೆ ಸಾಧ್ಯವಿರಲಿಲ್ಲ. ಮಾತೆಲ್ಲ ಸ್ಲೇಟಿನ ಮೇಲೆ.

ಆದರೂ ಸಂಜೆ ಅದೇ ಗೀತೆ ಬೇಕು. ಬೇಸಿನ ಸಾಲು ಬಂದಾಗ ನಾವು ಸುಮ್ಮನಾಗುತ್ತಿದ್ದೆವು. ಪಪ್ಪ ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ಖಾಲಿ ಜಾಗ ಮುಗಿದ ಮೇಲೆ ಮುಂದಕ್ಕೆ ಹೋಗಬೇಕು. ಅದನ್ನು ಹಾರಿಸಲು ಅವರು ಬಿಡುತ್ತಿರಲಿಲ್ಲ. ಆ ಮೌನವನ್ನು ನನಗೆ ತಡೆಯಲಾಗುತ್ತಿರಲಿಲ್ಲ.

ಒಂದು ದಿನ ಅವರು ಸ್ಲೇಟಿನಲ್ಲಿ ಬರೆದರು: "ಆ ಜಾಗ ಇನ್ನು ನೀನು ಹಾಡು."

"ನನ್ನ ಸ್ವರ ಅಷ್ಟು ಕೆಳಗೆ ಹೋಗುವುದಿಲ್ಲ ಪಪ್ಪ," ಎಂದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧವೂ ಬಾಯಿಂದ ಬಂದೇಬಿಟ್ಟಿತು. "ಇದೆಂತ ಪ್ರೀತಿ ಪಪ್ಪ? ಹಾಡುವವನ ಗಂಟಲನ್ನೇ ಕೊಯ್ಯುವುದಾ?"

ಅಮ್ಮ ಗದರಿದರು. ಪಪ್ಪ ನಿಧಾನವಾಗಿ ಬರೆದು ತೋರಿಸಿದರು: "ಪೆಟ್ಟು ಯಾಕೆಂದು ನನಗೂ ಗೊತ್ತಿಲ್ಲ. ಕೈ ಯಾರದೆಂದು ಗೊತ್ತುಂಟು."

೧೯೮೧ರ ಏಪ್ರಿಲ್ ಎಂಟು, ಬುಧವಾರ. ಸಂಜೆ ಕರೆಂಟು ಹೋಗಿತ್ತು. ಅಮ್ಮ ಮೇಜಿನ ಮೇಲೆ ಚಿಮಣಿ ದೀಪ ಇಟ್ಟಿದ್ದರು. ಹಾಡು ಶುರುವಾಯಿತು. ಬೇಸಿನ ಸಾಲು ಬಂತು, ಮೂವರೂ ನಿಲ್ಲಿಸಿದೆವು. ಆಗ ಬೇಸ್ ಕೇಳಿಸಿತು.

ನಾನು ಪಪ್ಪನನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿತ್ತು, ತುಟಿ ಮುಚ್ಚಿತ್ತು, ಬೆರಳು ತಾಳ ಹಾಕುತ್ತಿತ್ತು. ಕತ್ತಿನ ಬಟ್ಟೆ ಎಂದಿನಂತೆಯೇ ಉಸಿರಿಗೆ ಏರಿ ಇಳಿಯುತ್ತಿತ್ತು. ಸ್ವರ ಯಾವ ಕಡೆಯಿಂದ ಬಂತೆಂದು ಹೇಳಲಾರೆ. ಮೇಜಿನ ಮೇಲಿಟ್ಟ ನನ್ನ ಅಂಗೈಗೆ ಮರ ನಡುಗಿದ್ದು ತಿಳಿಯಿತು, ಪಪ್ಪ ಹಾಡುವಾಗ ನಡುಗುತ್ತಿದ್ದ ಹಾಗೆಯೇ. ಸಾಲು ಪೂರ್ತಿಯಾಯಿತು. ಮುಂದಿನದನ್ನು ನಾವ್ಯಾರೂ ಹಾಡಲಿಲ್ಲ. ಲಿಡಿಯಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಪಪ್ಪ ಕಣ್ಣು ತೆರೆದು ನನ್ನನ್ನು ನೋಡಿದರು. ಕಣ್ಣಲ್ಲಿ ನೀರು. ಬಳಪ ಹುಡುಕಿ ಬರೆದರು: "ಅಂತೂ ನೀನು ಹಾಡಿದೆ."

"ನಾನಲ್ಲ ಪಪ್ಪ."

ಅವರು ಸದ್ದಿಲ್ಲದೆ ನಕ್ಕು ನನ್ನ ಕೈ ತಟ್ಟಿದರು. ನಾಚಿಕೆ ಎಂದುಕೊಂಡರೋ ಏನೋ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಪಕ್ಕದ ಮನೆಯ ಶೀನ ಶೆಟ್ಟರು. ಕಂಕನಾಡಿಯಲ್ಲಿ ಹೋಟೆಲು ನಡೆಸುವವರು, ಪಪ್ಪನ ಹಳೆಯ ಸ್ನೇಹಿತರು. ಅಂಗಳದಿಂದಲೇ ಕೂಗಿದರು: "ಎಂತ ಮಾರಾಯ, ಮೇಸ್ತ್ರಿಗೆ ಸ್ವರ ಬಂತಾ? ನನಗೊಂದು ಮಾತು ಹೇಳುವುದಲ್ವಾ? ಇನ್ನು ನಮ್ಮ ಅಡುಗೆಯವರಿಗೆ ಬೈಯಲಿಕ್ಕೆ ಇವರನ್ನೇ ಕರೆದುಕೊಂಡು ಹೋಗ್ತೇನೆ!" ಒಳಗೆ ಬಂದು, ಸ್ಲೇಟು ಹಿಡಿದು ಕೂತಿದ್ದ ಪಪ್ಪನನ್ನು ಕಂಡು ಅವರ ನಗು ನಿಂತಿತು. "ಮತ್ತೆ ನಾನು ಕೇಳಿದ್ದು ಯಾರದ್ದು?" ಎಂದರು.

ಮರುದಿನದಿಂದ ಆ ಜಾಗ ಮತ್ತೆ ಖಾಲಿ. ಆದರೆ ಈಗ ಪಪ್ಪ ತಾಳ ಹಾಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಪ್ರಯತ್ನಿಸಿದೆ. ಸ್ವರ ಒಡೆದು ಗಾಳಿಯಷ್ಟೇ ಹೊರಟಿತು. ಆ ದಿನ ಹಾಡಿದವನು ನಾನಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಅವರು ಪ್ರತಿ ಸಲವೂ ಕೈ ತಟ್ಟಿದರು. ಮಗ ಒಪ್ಪಿಕೊಂಡಿದ್ದಾನೆ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಅದನ್ನು ಕಿತ್ತುಕೊಳ್ಳಲೂ ಆಗಲಿಲ್ಲ, ನಿಜ ಮಾಡಿಕೊಡಲೂ ಆಗಲಿಲ್ಲ. ಅದೇ ತಿಂಗಳು ಇಪ್ಪತ್ತೊಂಬತ್ತಕ್ಕೆ ಅವರು ತೀರಿಕೊಂಡರು.

ಸಭಾಪಾಲಕರು ಅದು ದೇವರ ದಯೆ ಎಂದರು. ಪರಿಚಯದ ಡಾಕ್ಟರೊಬ್ಬರು ದುಃಖದ ಭ್ರಮೆ ಎಂದರು. ಭ್ರಮೆಯಾದರೆ ಅಂಗಳದಲ್ಲಿದ್ದ ಶೆಟ್ಟರಿಗೆ ಹೇಗೆ ಕೇಳಿಸಿತು? ದಯೆಯಾದರೆ, ಸ್ವರ ಕೊಡಲು ಬಂದವನು ಅದನ್ನು ಪಪ್ಪನ ಗಂಟಲಿಗೇ ಏಕೆ ಕೊಡಲಿಲ್ಲ? ಏಳು ವರ್ಷಗಳಿಂದ ನನ್ನ ಪ್ರಾರ್ಥನೆಯೆಲ್ಲ ಹೆಚ್ಚು ಕಡಿಮೆ ಈ ಒಂದು ಪ್ರಶ್ನೆಯೇ. ಸಿಟ್ಟಿನಿಂದ ಕೇಳಿದ್ದೇನೆ, ಅತ್ತು ಕೇಳಿದ್ದೇನೆ. ಕೇಳುವುದನ್ನು ಬಿಡಲು ಮಾತ್ರ ಆಗಿಲ್ಲ. ಗುರುತು ಹಾಕಿಡುವುದನ್ನು ಬಿಟ್ಟಿದ್ದೇನೆ.

ಭಾನುವಾರ ನಾನೀಗ ನಿಲ್ಲುವುದು ಬೇಸಿನವರ ಸಾಲಿನಲ್ಲಿ, ಪಪ್ಪ ನಿಲ್ಲುತ್ತಿದ್ದ ಜಾಗದಲ್ಲಿ. ಆ ಗೀತೆ ಬಂದಾಗ, ಉಳಿದವರೆಲ್ಲ ನಿಲ್ಲಿಸಿದಾಗ, ಆ ಮಾತುಗಳನ್ನು ನಾನೂ ಹಾಡುತ್ತೇನೆ. ಕೊನೆಯ ಕೆಳಗಿನ ಸ್ವರ ನನಗೆ ಇನ್ನೂ ಸಿಗುವುದಿಲ್ಲ. ಅಲ್ಲಿ ಬಾಯಿ ಮುಚ್ಚಿ, ಮುಂದಿನ ಬೆಂಚಿನ ಮೇಲೆ ಅಂಗೈ ಊರಿ, ಮರ ನಡುಗೀತೇ ಎಂದು ಕಾಯುತ್ತೇನೆ.